ವಸತಿಹೀನರೂ ಸರ್ಕಾರದ ಅನುದಾನವೂ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನಿದರ್ಶನ

ಬಸ್ ನಿಲ್ದಾಣದಲ್ಲಿ, ಸಂತೆಮಾಳದಲ್ಲಿ, ದೇವಸ್ಥಾನದ ಜಗಲಿಯ ಮೇಲೆ ರಾತ್ರಿ ಕಳೆಯುವವರಿಗಾಗಿ ಪುರಸಭೆಯೊಂದು ಸರ್ಕಾರದಿಂದ ಹಣ ಪಡೆಯಬೇಕಾದರೆ ಮೊದಲು ಒಪ್ಪಿಸಬೇಕಾದುದು ಅವರ ಸಂಖ್ಯೆಯನ್ನು. ಆ ಸಂಖ್ಯೆ ಯಾರ ವಿಷಯದಲ್ಲಿ ಸುಲಭವಾಗಿ ದೊರೆಯುತ್ತದೆ, ಯಾರ ವಿಷಯದಲ್ಲಿ ದೊರೆಯುವುದೇ ಇಲ್ಲ ಎಂಬುದನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಇತಿಹಾಸದ ಬೆಳಕಿನಲ್ಲಿ ವಿವೇಚಿಸುವುದು ನಮ್ಮ ಉದ್ದೇಶ.

ನೆಲೆ ತಪ್ಪಿದವರಿಗೆ ಸರ್ಕಾರ ನೆಲೆ ಕೊಟ್ಟ ನಿದರ್ಶನಗಳು ಈ ಸೀಮೆಗೆ ಹೊಸವಲ್ಲ. ಕೃಷ್ಣರಾಜನಗರ ಪಟ್ಟಣದ ಹುಟ್ಟೇ ಅಂಥದು. ಕಾವೇರಿಯ ದಡದಲ್ಲಿದ್ದ ಎಡತೊರೆ ಪ್ರವಾಹಕ್ಕೆ ಸಿಕ್ಕುತ್ತಿದ್ದುದರಿಂದ, 1924ರ ಮಹಾಪ್ರವಾಹದ ತರುವಾಯ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನದಿಯಿಂದ ದೂರಕ್ಕೆ ಹೊಸ ಊರನ್ನು ಅಳತೆ ಹಾಕಿ ಕಟ್ಟಲಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರಿಗಾಗಿ ಮೈಸೂರು ಸರ್ಕಾರ 1960ರಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. ಈ ಎರಡು ಪ್ರಸಂಗಗಳಲ್ಲಿಯೂ ಕಷ್ಟಕ್ಕೆ ಒಂದು ಕಾಲವಿತ್ತು, ಒಂದು ಕಾರಣವಿತ್ತು, ಜನರು ಒಟ್ಟಾಗಿದ್ದರು. ಪಟ್ಟಿ ಮಾಡುವುದು ಕಷ್ಟವಾಗಲಿಲ್ಲ.

ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬ ಮೊದಲಾದ ಆದಿವಾಸಿಗಳ ವಿಷಯ ಬೇರೆಯಾಯಿತು. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ಪುನರ್ವಸತಿ ದೊರೆಯಿತು. ಅನೇಕರು ಚದರಿಹೋದರು, ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಸೇರಿದವರೂ ಉಂಟು. ಉಚ್ಚ ನ್ಯಾಯಾಲಯ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಒಪ್ಪಿಸಿ, ನಿರ್ವಸಿತವಾದ 3,418 ಕುಟುಂಬಗಳನ್ನು ಗುರುತಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಗಿ ನಾಲ್ಕು ದಶಕಗಳು ಕಳೆದ ಮೇಲೆ ಈ ಲೆಕ್ಕ ಹೊರಬಂದಿತೆಂಬುದನ್ನು ಗಮನಿಸಬೇಕು.

ಇನ್ನು ಪಟ್ಟಣದ ಬೀದಿಯಲ್ಲಿ ಒಬ್ಬೊಬ್ಬರಾಗಿ ಇರುವವರ ವಿಚಾರ. ರಾತ್ರಿ ಆಶ್ರಯಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆದೇಶಗಳನ್ನಿತ್ತ ಮೇಲೆ, 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ವಸತಿಹೀನರ ಆಶ್ರಯ ಯೋಜನೆ ಸೇರಿತು. ಅದರ ಪ್ರಕಾರ ಸ್ಥಳೀಯ ಸಂಸ್ಥೆ ಯೋಜನಾ ವರದಿಯನ್ನು ರಾಜ್ಯಮಟ್ಟದ ಮಂಜೂರಾತಿ ಸಮಿತಿಗೆ ಕಳುಹಿಸಬೇಕಾಗಿತ್ತು. ವೆಚ್ಚದಲ್ಲಿ ಕೇಂದ್ರದ ಪಾಲು ಮೊದಲು ಶೇಕಡ 75, ಉಳಿದುದು ರಾಜ್ಯದ್ದು. ತಲೆಗೆ ಕನಿಷ್ಠ 50 ಚದರ ಅಡಿ ಸ್ಥಳ. ಐದು ವರ್ಷಗಳ ನಿರ್ವಹಣೆಗೂ ನೆರವು. ನಿಯಮಗಳು ಉದಾರವಾಗಿದ್ದುವೆಂದೇ ಹೇಳಬೇಕು.

ತೊಡಕಿದ್ದುದು ಅಳತೆಗೋಲಿನಲ್ಲಿ. ನಗರದ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಆಶ್ರಯ. ಒಂದೊಂದು ಕಟ್ಟಡದಲ್ಲಿ 50ರಿಂದ 100 ಮಂದಿ. ಅಭಿಯಾನವೇ ಮೊದಲು ಲಕ್ಷ ಮೀರಿದ ನಗರಗಳಿಗೂ ಜಿಲ್ಲಾ ಕೇಂದ್ರಗಳಿಗೂ ಸೀಮಿತವಾಗಿದ್ದು, 2016ರಲ್ಲಿ ಎಲ್ಲ ಪಟ್ಟಣಗಳಿಗೆ ವಿಸ್ತರಿಸಿತು. 2011ರ ಜನಗಣತಿಯಲ್ಲಿ ಹುಣಸೂರಿನ ಜನಸಂಖ್ಯೆ ಸುಮಾರು 50,000. ಉಳಿದ ಮೂರು ಪಟ್ಟಣಗಳು ಅದಕ್ಕಿಂತ ಚಿಕ್ಕವು. ಈ ಲೆಕ್ಕದಲ್ಲಿ ಹುಣಸೂರಿಗೆ ಅತಿ ಚಿಕ್ಕ ಆಶ್ರಯವೊಂದು ದಕ್ಕೀತು; ಹೆಗ್ಗಡದೇವನಕೋಟೆಗೆ ಅದೂ ಇಲ್ಲ.

ಜನಗಣತಿ ವಸತಿಹೀನರನ್ನು ಎಣಿಸುವುದು ಒಂದೇ ರಾತ್ರಿ. 2011ರಲ್ಲಿ ಅದು ಫೆಬ್ರವರಿ 28. ದೇಶದಲ್ಲಿ 17.7 ಲಕ್ಷ ಮಂದಿ ಲೆಕ್ಕಕ್ಕೆ ಸಿಕ್ಕರು. ಆದರೆ ನಮ್ಮ ಪಟ್ಟಣಗಳಲ್ಲಿ ಬೀದಿಯಲ್ಲಿ ಮಲಗುವವರು ಋತುವಿಗೊಂದು ಬಗೆ. ಕಾಫಿ ಕೊಯ್ಲಿನ ಚಳಿಗಾಲದಲ್ಲಿ ಕೂಲಿಯವರು ತೋಟಗಳಲ್ಲಿರುತ್ತಾರೆ. ತಂಬಾಕು ಹದ ಮಾಡುವ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಕೆಲಸವಿರುತ್ತದೆ. ಒಂದು ರಾತ್ರಿಯ ಎಣಿಕೆ ಇವರಲ್ಲಿ ಯಾರನ್ನು ಕಂಡೀತು?

ಇಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆ ಆಸ್ತಿ ತೆರಿಗೆಯ ಮೇಲೆ ಶೇಕಡ 3ರ ಉಪಕರವನ್ನು ವಿಧಿಸಿತು. ಸ್ಥಳೀಯ ಸಂಸ್ಥೆ ಅದನ್ನು ವಸೂಲು ಮಾಡಿ ರಾಜ್ಯದ ಪರಿಹಾರ ನಿಧಿಗೆ ಒಪ್ಪಿಸತಕ್ಕದ್ದು. ನಿರ್ಗತಿಕರ ಹೆಸರಿನಲ್ಲಿ ಪಟ್ಟಣವೇ ತೆತ್ತ ಹಣ ಪಟ್ಟಣದಿಂದಾಚೆಗೆ ಹೋಗುತ್ತದೆ. ಅದೂ ಆಶ್ರಯ ಬೇಡುವವರಿಗಿಂತ ಭಿಕ್ಷೆ ಬೇಡಿ ಹಿಡಿಯಲ್ಪಟ್ಟವರಿಗಾಗಿ. ಅನುದಾನ ಕೋರುವ ಪುರಸಭೆ ತನ್ನ ಮನವಿಯೊಡನೆ ಈ ಉಪಕರದ ವರ್ಷವಾರು ಲೆಕ್ಕವನ್ನು ಲಗತ್ತಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಎಣಿಕೆಯನ್ನು ಮಳೆಗಾಲದಲ್ಲೊಮ್ಮೆ, ಕೊಯ್ಲಿನ ಕಾಲದಲ್ಲೊಮ್ಮೆ, ರಾತ್ರಿ ಹತ್ತರ ಮೇಲೆ ನಡೆಸಬೇಕು. ಆ ಕೆಲಸಕ್ಕೆ ತಾಲ್ಲೂಕಿನ ಕಾಲೇಜುಗಳ ವಿದ್ಯಾರ್ಥಿಗಳು ಸಾಲುವರು.