ಹರೆಯದ ಮಕ್ಕಳ ಖಿನ್ನತೆ

ಮಗುವಿನ ಮೈ ಬೆಚ್ಚಗಾದರೆ ಹಣೆ ಮುಟ್ಟಿ ನೋಡದ ತಾಯಿಯಿಲ್ಲ. ಆದರೆ ಹದಿನಾಲ್ಕು ಹದಿನೈದು ವರ್ಷದ ಮಗನಾಗಲಿ ಮಗಳಾಗಲಿ ವಾರಗಟ್ಟಲೆ ಮಂಕು ಕವಿದಂತೆ ಕುಳಿತರೆ, ಅದನ್ನು ಸೋಮಾರಿತನವೆಂದೋ ಸೊಕ್ಕೆಂದೋ ಗಾಳಿ ಸೋಂಕೆಂದೋ ಬಗೆಯುವವರೇ ಬಹಳ. ಅದು ಖಿನ್ನತೆಯೆಂಬ ವ್ಯಾಧಿಯಾಗಿರಬಹುದೆಂಬ ಯೋಚನೆ ಹಲವು ಮನೆಗಳಲ್ಲಿ ಹುಟ್ಟುವುದೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದ ಮಕ್ಕಳ ಪೈಕಿ ನೂರಕ್ಕೆ ಸುಮಾರು 7 ಮಂದಿ ಯಾವುದಾದರೊಂದು ಮನೋವ್ಯಾಧಿಗೆ ಒಳಗಾಗಿದ್ದುದು ಕಂಡುಬಂದಿತು. ಆದುದರಿಂದ ಗೃಹಸ್ಥರು ಈ ವಿಷಯವನ್ನು ಚೆನ್ನಾಗಿ ಅರಿತಿರುವುದು ಅವಶ್ಯ.

ಈ ವ್ಯಾಧಿಯು ಹೇಗೆ ಬೇರೂರುವುದೆಂಬುದನ್ನು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕಡೆ ದೃಷ್ಟಿ ಹಾಯಿಸೋಣ. ನಾಡಿನಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಚಳ್ಳಕೆರೆಯ ರೈತನು ಶೇಂಗಾ ಬಿತ್ತಿ ಮುಗಿಲು ನೋಡುವನು. ಮೊಳಕಾಲ್ಮೂರಿನ ನೇಕಾರನು ರೇಷ್ಮೆ ಸೀರೆ ನೇಯ್ದು ಕೊಳ್ಳುವವರ ಮುಖ ನೋಡುವನು. ಬೆಳೆ ಕೈಕೊಟ್ಟರೆ ತಂದೆತಾಯಿಗಳು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಗುಳೆ ಹೋಗುವುದುಂಟು. ಹಾಗೆಂದು ಬಡತನವಿದ್ದಲ್ಲೆಲ್ಲ ಖಿನ್ನತೆಯುಂಟೆಂದು ತಿಳಿಯಲಾಗದು. ಕಷ್ಟದಲ್ಲಿ ಬೆಳೆದು ಗಟ್ಟಿಯಾದ ಮಕ್ಕಳು ಬೇಕಾದಷ್ಟು ಮಂದಿ ಇರುವರು. ಉಂಡುಟ್ಟು ಸುಖವಾಗಿರುವ ಮನೆಗಳಲ್ಲಿಯೂ ಈ ವ್ಯಾಧಿ ಕಾಣಿಸಿಕೊಳ್ಳುವುದು.

ಕಾರಣಗಳಲ್ಲಿ ಕೆಲವು ಮನಸ್ಸಿನೊಳಗಿನವು. ಆದ ತಪ್ಪಿಗೆಲ್ಲ ತಾನೇ ಹೊಣೆಯೆಂದು ಹಳಿದುಕೊಳ್ಳುವುದು, ನೊಂದ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು, ಏನು ಮಾಡಿದರೂ ಫಲವಿಲ್ಲವೆಂದು ಕೈಚೆಲ್ಲುವುದು ಇಂಥವು. ಖಿನ್ನನಾದವನು ತನ್ನನ್ನೂ ಲೋಕವನ್ನೂ ಮುಂಬರುವ ಕಾಲವನ್ನೂ ಕತ್ತಲಾಗಿಯೇ ಕಾಣುವನೆಂದು ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು 1960ರ ದಶಕದಲ್ಲಿ ವಿವರಿಸಿದರು. ತಂದೆಗಾಗಲಿ ತಾಯಿಗಾಗಲಿ ಈ ವ್ಯಾಧಿ ಇದ್ದಲ್ಲಿ ಮಕ್ಕಳಿಗೂ ಬರುವ ಸಂಭವ ಹೆಚ್ಚು.

ಉಳಿದವು ಹೊರಗಿನವು: ಮನೆಯಲ್ಲಿ ಕುಡಿತ, ಜಗಳ, ಹೊಡೆತ, ಹತ್ತಿರದವರ ಸಾವು, ಶಾಲೆಯಲ್ಲಿ ಜಾತಿಯನ್ನೋ ಬಣ್ಣವನ್ನೋ ಎತ್ತಿ ಆಡುವ ಹೀಯಾಳಿಕೆ, ಪರೀಕ್ಷೆಯ ಭಯ, ಈಚೆಗೆ ಕೈಯೊಳಗಣ ಫೋನಿನಲ್ಲಿಯೇ ಬರುವ ಅವಮಾನ. ಹರೆಯಕ್ಕೆ ಬಂದ ಬಳಿಕ ಖಿನ್ನತೆಯು ಹುಡುಗರಿಗಿಂತ ಹುಡುಗಿಯರಲ್ಲಿ ಸುಮಾರು ಎರಡರಷ್ಟು ಕಂಡುಬರುವುದು. ಹತ್ತನೆಯ ತರಗತಿಗೇ ಓದು ಬಿಡಿಸಿ ಮದುವೆಯ ಮಾತು ತೆಗೆಯುವುದು ಅವರ ಮನಸ್ಸಿಗೆ ಎಂಥ ಪೆಟ್ಟೆಂಬುದನ್ನು ಹಿರಿಯರು ಯೋಚಿಸಬೇಕು. 18 ತುಂಬದ ಹೆಣ್ಣಿನ ಮದುವೆ 2006ರ ಕಾಯಿದೆಯಂತೆ ಅಪರಾಧವೂ ಹೌದು. ಈ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹೊರಗಿರಿಸುವ ರೂಢಿಯಿದೆ. ಎಳೆಯ ಹುಡುಗಿಯು ಅದರಿಂದ ತಾನೇ ಕೀಳೆಂಬ ಭಾವನೆಯನ್ನು ಕಲಿಯುವಳೆಂಬುದರಲ್ಲಿ ಸಂದೇಹವೇನು?

ಇಲ್ಲಿ ಮುಖ್ಯವಾಗಿ ತಿಳಿಯತಕ್ಕ ಸಂಗತಿಯೊಂದುಂಟು. ಒಂದು ವರ್ಷದ ಬರವನ್ನು ರೈತನು ಹೇಗೋ ಕಳೆಯುವನು. ಬರದ ಮೇಲೆ ಬರ ಬಂದು, ಸಾಲ ಸೇರಿ, ಎತ್ತು ಸತ್ತರೆ ಕುಸಿಯುವನು. ಮಕ್ಕಳ ಮನಸ್ಸೂ ಹಾಗೆಯೇ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ತಂದೆತಾಯಿಗಳು ಗುಳೆ ಹೋಗಿರುವರು, ಅವನು ಗಣಿತದಲ್ಲಿ ನಪಾಸಾದನು, ಜೊತೆಯವರು ನಕ್ಕರು, ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಒಂದೊಂದನ್ನೂ ಬೇರೆಯಾಗಿ ತಾಳಬಲ್ಲವನು ಎಲ್ಲವೂ ಒಟ್ಟಿಗೆ ಬಂದಾಗ ತಾಳಲಾರನು. ಆ ಹೊರೆಯಲ್ಲಿ ಒಂದನ್ನು ಇಳಿಸಿದರೂ ಅವನು ಚೇತರಿಸಿಕೊಳ್ಳಬಹುದು. ನಂಬಿ ಮಾತಾಡಬಹುದಾದ ಹಿರಿಯರೊಬ್ಬರಿರುವುದೇ ಮಕ್ಕಳಿಗೆ ದೊಡ್ಡ ರಕ್ಷೆ.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಎರಡು ವಾರಕ್ಕೂ ಮಿಕ್ಕಿ ದುಃಖ ಅಥವಾ ಸಿಡುಕು, ಆಟಪಾಠಗಳಲ್ಲಿ ನಿರಾಸಕ್ತಿ, ನಿದ್ರೆ ಊಟಗಳಲ್ಲಿ ವ್ಯತ್ಯಾಸ, ಕಾರಣವಿಲ್ಲದ ತಲೆನೋವು, ಗೆಳೆಯರಿಂದ ದೂರವಾಗುವುದು, “ನಾನಿದ್ದೇನು ಪ್ರಯೋಜನ” ಎಂಬಂಥ ಮಾತು. ಹರೆಯದಲ್ಲಿ ಅಳುವಿಗಿಂತ ಸಿಟ್ಟೇ ಮುಂದಾಗಿ ಕಾಣುವುದುಂಟು.

ಚಿಕಿತ್ಸೆಗೆ ದೂರ ಹೋಗಲೇಬೇಕೆಂಬ ಭಯ ಬೇಡ. ಮೊಳಕಾಲ್ಮೂರಿಗೆ ನೆರೆಯಾದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋವ್ಯಾಧಿಗಳ ಚಿಕಿತ್ಸೆಯನ್ನು ಕಲಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆದಕಾರಣ ಮೊದಲು ಸರಕಾರಿ ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುವುದು. ಸಮಾಧಾನದ ಮಾತುಕತೆಯೇ ಹಲವರಿಗೆ ಚಿಕಿತ್ಸೆ. ಅವಶ್ಯವಿದ್ದಲ್ಲಿ ವೈದ್ಯರು ಔಷಧ ಕೊಡುವರು.

ಮನೆಯಲ್ಲಿ ಮಾಡತಕ್ಕದ್ದೂ ಉಂಟು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿರಿ. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದವರಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿರುವುದನ್ನು ತಿಳಿಸಿ, ಒಮ್ಮೆ ಸೋತರೆ ಎಲ್ಲವೂ ಮುಗಿಯಿತೆಂಬ ಭಯವನ್ನು ಬಿಡಿಸಿರಿ. ಗುಳೆ ಹೋದವರು ದಿನಕ್ಕೊಮ್ಮೆಯಾದರೂ ಮಕ್ಕಳೊಡನೆ ಫೋನಿನಲ್ಲಿ ಮಾತಾಡಲಿ. ಹೊಲಕ್ಕೆ ಸಿಂಪಡಿಸುವ ಔಷಧಿಯನ್ನು ಬೀಗದೊಳಗೆ ಇಡತಕ್ಕದ್ದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಲು ಅಂಜಬೇಡಿರಿ. ಕೇಳಿದುದರಿಂದ ಆ ಯೋಚನೆ ಹುಟ್ಟದು, ಬದಲಾಗಿ ಎದೆಯ ಭಾರ ಇಳಿಯುವುದು. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಮಳೆಯನ್ನು ತರಿಸುವುದು ಯಾವ ಗೃಹಸ್ಥನಿಂದಲೂ ಆಗದು. ಇಂದಿನ ರಾತ್ರಿ ಊಟಕ್ಕೆ ಕುಳಿತಾಗ ಮಗನ ಅಥವಾ ಮಗಳ ಮುಖವನ್ನು ನೋಡಿ, “ಹೇಗಿದ್ದೀಯಪ್ಪ, ಹೇಗಿದ್ದೀಯಮ್ಮ” ಎಂದು ಕೇಳಿ, ಉತ್ತರ ಬರುವವರೆಗೂ ಕಾಯುವುದು ಮಾತ್ರ ಎಲ್ಲರಿಂದಲೂ ಸಾಧ್ಯ.