ಮಳೆಯಾಶ್ರಿತ ಆಲೂಗಡ್ಡೆ: ಅಂತರಕ್ಕೂ ಗೊಬ್ಬರಕ್ಕೂ ತೇವವೇ ಅಳತೆ

ಹಾವೇರಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಒಣಬೇಸಾಯದಲ್ಲಿ ಆಲೂಗಡ್ಡೆ ಬೆಳೆಯುವವರಿಗೆ ಬಿತ್ತನೆ ಗಡ್ಡೆಯೇ ದೊಡ್ಡ ಖರ್ಚು. ಸಾಲುಗಳ ನಡುವೆ 60, ಗಡ್ಡೆಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 33 ಸಾವಿರ ಗಡ್ಡೆ ಬೇಕು. ತಲಾ 40 ಗ್ರಾಂ ಎಂದರೂ 13 ಕ್ವಿಂಟಲ್. ಇದಕ್ಕಿಂತ ದಟ್ಟವಾಗಿ ನೆಟ್ಟರೆ ಖರ್ಚು ಏರುವುದಲ್ಲದೆ, ತೇವಕ್ಕಾಗಿ ಪೈಪೋಟಿ ಉಂಟಾಗಿ ಗಡ್ಡೆ ಸಣ್ಣದಾಗುತ್ತದೆ. ಮೋಡ ಕವಿದ ದಿನಗಳಲ್ಲಿ ಅಂಗಮಾರಿಯೂ ಬೇಗ ಹರಡುತ್ತದೆ.

ರಂಜಕ, ಪೊಟ್ಯಾಷ್ ಪೂರ್ಣವಾಗಿ, ಸಾರಜನಕ ಅರ್ಧದಷ್ಟು ನಾಟಿಯ ವೇಳೆಗೇ ಗಡ್ಡೆಗೆ ತಾಗದಂತೆ ಮಣ್ಣು ಸೇರಬೇಕು. ಉಳಿದ ಸಾರಜನಕವನ್ನು ತಿಂಗಳ ನಂತರ, ನೆಲದಲ್ಲಿ ತೇವವಿದ್ದಾಗ ಕೊಟ್ಟು ಮಣ್ಣೇರಿಸಬೇಕು. ಮಣ್ಣು ಮುಚ್ಚದೆ ಚೆಲ್ಲಿದ ಯೂರಿಯಾದ ಒಂದಷ್ಟು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಳೆ ತಡವಾದರೆ ಚೀಲ ಬಿಚ್ಚದೆ ಕಾಯುವುದೇ ಲೇಸು.

ಗೊಬ್ಬರದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ನಂತರ ನಿರ್ಧರಿಸುವುದು ಉತ್ತಮ. ಈ ಕುರಿತ ಸಲಹೆಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.