ಮೂಲಬಂಧ: ಗುಟ್ಟಿನ ಬೀಗ

ಎರಡು ಮೂರು ಹೆರಿಗೆ ಕಂಡ ಗೃಹಿಣಿ ಮನಸಾರೆ ನಗುವುದಕ್ಕೂ ಅಂಜುತ್ತಾಳೆ. ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡವೆತ್ತಿದರೆ ಮೂತ್ರ ಹನಿಯುತ್ತದೆ. ಈ ಮಾತನ್ನು ಆಕೆ ಗಂಡನೊಡನೆ ಆಡಳು. ವೈದ್ಯರ ಮುಂದೆಯೂ ತುಟಿ ಬಿಚ್ಚಳು. ಇದಕ್ಕಾಗಿಯೇ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟವರೂ ಉಂಟು.

ಇಂಥವರಿಗೆ ಒದಗಬಲ್ಲ ಕ್ರಿಯೆಯೊಂದು ಹಠಯೋಗದಲ್ಲಿ ಶತಮಾನಗಳಿಂದ ಇದೆ. ಆದರೆ ಅದರ ಉದ್ದೇಶ ಬೇರೆ. ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ಯ ಮೂರನೆಯ ಉಪದೇಶದಲ್ಲಿ ಹೇಳಿರುವ ಮೂಲಬಂಧವೇ ಅದು. ಗುದಕ್ಕೂ ಜನನೇಂದ್ರಿಯಕ್ಕೂ ನಡುವಿನ ಎಡೆಯನ್ನು ಹಿಮ್ಮಡಿಯಿಂದ ಒತ್ತಿ, ಗುದವನ್ನು ಸಂಕೋಚಗೊಳಿಸಿ, ಕೆಳಮುಖವಾದ ಅಪಾನವಾಯುವನ್ನು ಮೇಲಕ್ಕೆ ಸೆಳೆಯಬೇಕು. ಅದು ಪ್ರಾಣದೊಡನೆ ಕೂಡಿದರೆ ಕುಂಡಲಿನಿ ಎಚ್ಚರುವಳೆಂದು ಯೋಗಿಗಳ ನಂಬಿಕೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಿಂದ ಈ ಬಂಧದ ಹೆಸರು ಹೊರದೇಶಗಳಿಗೂ ಹಬ್ಬಿತು. 1962ರಲ್ಲಿ ಕನ್ನಡದಲ್ಲಿ ‘ಯೋಗಮಾಲಾ’ ಪ್ರಕಟಿಸಿದ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಆಸನಾಭ್ಯಾಸದ ಉದ್ದಕ್ಕೂ ಮೂಲಬಂಧವಿರಬೇಕು. ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರಾದರೋ ಗುರುವಿಲ್ಲದೆ ಅದನ್ನು ಮಾಡುವುದು ಅಪಾಯವೆಂದು ಬರೆದರು. ಒಬ್ಬನೇ ಗುರುವಿನ ಶಿಷ್ಯರಲ್ಲಿ ಎಷ್ಟು ಅಂತರ!

ಶರೀರಶಾಸ್ತ್ರದ ದೃಷ್ಟಿಯಲ್ಲಿ ಸಂಗತಿ ಸರಳ. ಕಟಿಕುಹರದ ತಳದಲ್ಲಿ ಜೋಲಿಯಂತೆ ಹರಡಿದ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿವೆ. ಹೆರಿಗೆಯಲ್ಲಿ ಆ ಜೋಲಿ ಹಿಗ್ಗಿ ಸಡಿಲವಾಗುತ್ತದೆ. ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದೇ ಸ್ನಾಯುಗಳಿಗೆ ವ್ಯಾಯಾಮ ಸೂಚಿಸಿದಾಗ ಆತನ ಮುಂದಿದ್ದದ್ದು ಕುಂಡಲಿನಿಯಲ್ಲ, ಬಾಣಂತಿಯರ ಸಂಕಟ.

ಮನೆಯ ಅಭ್ಯಾಸಕ್ಕೆ ಹಿಮ್ಮಡಿಯ ಒತ್ತಡವಾಗಲಿ ಕುಂಭಕವಾಗಲಿ ಬೇಡ. ಅಂಗಾತ ಮಲಗಿ, ಮಂಡಿ ಮಡಿಸಿ, ಅಪಾನವಾಯುವನ್ನೂ ಮೂತ್ರವನ್ನೂ ಒಟ್ಟಿಗೇ ತಡೆಯುವವರಂತೆ ಒಳಗಿನಿಂದ ಮೇಲಕ್ಕೆ ಸೆಳೆಯಬೇಕು. ತೊಡೆ, ಪೃಷ್ಠ, ಹೊಟ್ಟೆ ಬಿಗಿಯಬಾರದು. ಉಸಿರು ತಾನೇ ಆಡುತ್ತಿರಲಿ. ಕೆಲವು ಸೆಕೆಂಡು ಹಿಡಿದು, ಪೂರ್ಣವಾಗಿ ಬಿಟ್ಟು, ಮತ್ತೆ ಹಿಡಿಯುವುದು. ಹೀಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು. ಬಿಡುವುದೂ ಹಿಡಿದಷ್ಟೇ ಮುಖ್ಯ. ಅತಿಯುತ್ಸಾಹದಿಂದ ದಿನವಿಡೀ ಬಿಗಿಹಿಡಿದರೆ ಕಿಬ್ಬೊಟ್ಟೆಯ ನೋವು, ಮಲಬದ್ಧತೆ ಹತ್ತಬಹುದು. ಸ್ನಾಯು ಮೊದಲೇ ಬಿಗಿದವರಿಗೆ ಈ ಅಭ್ಯಾಸ ತಕ್ಕುದಲ್ಲ. ಅವರು ಕಲಿಯಬೇಕಾದದ್ದು ಸಡಿಲಿಸುವುದನ್ನು. ಮೂತ್ರ ವಿಸರ್ಜಿಸುವಾಗ ನಡುವೆ ತಡೆದು ಅಭ್ಯಾಸ ಮಾಡುವ ರೂಢಿಯೂ ಒಳ್ಳೆಯದಲ್ಲ.

ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಆಮೇಲೂ ಹನಿಯುತ್ತಿದ್ದರೆ, ಇಲ್ಲವೇ ಮೂತ್ರದಲ್ಲಿ ರಕ್ತವೋ ಉರಿಯೋ ಕಂಡರೆ ಒಡನೆಯೇ, ನಾಚಿಕೆ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಜೊತೆಗೆ ಅತ್ತೆಯೋ ಅಕ್ಕನೋ ಹೊರಟರೆ, ಅವರಿಗೂ ಇದೇ ತೊಂದರೆಯಿತ್ತೆಂಬುದು ದಾರಿಯಲ್ಲಿ ತಿಳಿದುಬರುವುದೂ ಉಂಟು.